ಐ20 ಎನ್ ಲೈನ್: ಹುಬ್ಬಳ್ಳಿ ರಸ್ತೆಯಲ್ಲಿ ಮೈಲೇಜ್ ಎಷ್ಟು?

998 ಸಿಸಿ, ಮೂರು ಸಿಲಿಂಡರ್ ಟರ್ಬೊ ಎಂಜಿನ್, 120 ಪಿಎಸ್ ಶಕ್ತಿ. ಹ್ಯುಂಡೈನ ಈ ಪುಟ್ಟ ಗಾಡಿ ಓಡಿಸಲಿಕ್ಕೆ ಭಾಳ ಚಂದ. ಮೈಲೇಜ್ ಮಾತ್ರ ಪೂರ್ತಿ ಬಲಗಾಲಿನ ಮೇಲೆ. ಚನ್ನಮ್ಮ ಸರ್ಕಲ್, ಕೊಪ್ಪಿಕರ್ ರಸ್ತೆಯ ದಟ್ಟಣೆಯಲ್ಲಿ, ಅದೂ ಎಂಜಿನ್ ಬಿಸಿಯಾಗುವ ಮುನ್ನವೇ ಮುಗಿಯುವ ಎರಡು-ಮೂರು ಕಿಲೋಮೀಟರ್ ಓಡಾಟದಲ್ಲಿ, ಲೀಟರಿಗೆ 10-12 ಕಿ.ಮೀ. ಬಂದರೆ ಸಾಕು. ಹಾವೇರಿ ಕಡೆ ಹೆದ್ದಾರಿಯಲ್ಲಿ 80-90ರ ವೇಗ ಹಿಡಿದರೆ 17ರ ಆಸುಪಾಸು. ಪದೇ ಪದೇ ಪೆಡಲ್ ಒತ್ತಿದರೆ ಟರ್ಬೊ ತಳ್ಳುವ ಗಾಳಿಗೆ ತಕ್ಕಷ್ಟು ಪೆಟ್ರೋಲೂ ಸುರಿಯಬೇಕು.

ಡ್ಯಾಶ್‌ಬೋರ್ಡಿನ ಅಂಕಿ ನಂಬಬೇಡಿ. ಆಟೊ ಕಟ್ ಆಗಿ ಪಂಪ್ ತಾನೇ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 300 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. 20 ಲೀಟರ್ ಹಿಡಿದರೆ ಮೈಲೇಜ್ 15. ಟ್ಯಾಂಕ್ ಬರೀ 37 ಲೀಟರ್, ಅದೊಂದು ಕೊರತೆ. ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿ ಎಳೆತ ತಗ್ಗುತ್ತದೆ. ಸರ್ವಿಸ್ ತನಕ ಕಾಯದೆ ಬಿಚ್ಚಿ ನೋಡಿ.