ತುಲೂಸ್‌ನ ಅಪಾರ್ಟ್‌ಹೋಟೆಲ್: ಹದಿನೈದು ದಿನಕ್ಕೆ ಅಡ್ಡಿಯಿಲ್ಲ, ಮೂರು ತಿಂಗಳಿಗೆ ಬೇಡ

ಬೆಳಗಾವಿ ಜಿಲ್ಲೆಯ ಹತ್ತರಗಿಯ ಕಾರ್ಖಾನೆಗಳಲ್ಲಿ ತಯಾರಾದ ವಿಮಾನದ ಬಿಡಿಭಾಗ ಏರ್‌ಬಸ್‌ಗೆ ಹೋಗುತ್ತದೆ. ಮಾಲಿನ ಹಿಂದೆ ಬೆಳಗಾವಿಯ ಎಂಜಿನಿಯರುಗಳೂ ಫ್ರಾನ್ಸಿನ ತುಲೂಸ್‌ಗೆ ಹೋಗುತ್ತಾರೆ. ಅಂಥವರಿಗೆ ಕಂಪನಿ ಕಣ್ಣುಮುಚ್ಚಿ ಬುಕ್ ಮಾಡುವುದು ಅಪಾರ್ಟ್‌ಹೋಟೆಲನ್ನು: ರಿಸೆಪ್ಷನ್ ಹೋಟೆಲಿನದು, ಅಡುಗೆಕಟ್ಟೆ ಮನೆಯದು. ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಕಂಪನಿಯನ್ನಲ್ಲ, ಈ ಬಗೆಯ ವಸತಿಯನ್ನು. ಹೆಸರು ಬೇರೆಬೇರೆ ಇದ್ದರೂ ಒಳಗಿನ ಸರಂಜಾಮು ಹೆಚ್ಚುಕಡಿಮೆ ಒಂದೇ.

ಸಿಗುವುದು ಸುಮಾರು 20 ಚದರ ಮೀಟರಿನ ಒಂದು ಕೋಣೆ. ಹಾಸಿಗೆ, ಮೇಜು, ಎರಡು ಒಲೆಯ ಕಟ್ಟೆ, ಮೈಕ್ರೋವೇವ್, ಮೊಣಕಾಲೆತ್ತರದ ಫ್ರಿಜ್, ಇಬ್ಬರಿಗೆ ಸಾಕಾಗುವಷ್ಟು ತಾಟು-ಬಟ್ಟಲು. ವೈಫೈ ಮೊದಲ ದಿನವೇ ನಡೆಯುತ್ತದೆ, ಹೊದಿಕೆ ವಾರಕ್ಕೊಮ್ಮೆ ಬದಲಾಗುತ್ತದೆ. ವೀಸಾ ಅರ್ಜಿಗೆ ವಸತಿಯ ಕಾಗದ ಕುಳಿತಲ್ಲೇ ಸಿಗುತ್ತದೆ, ಹೊಸಬರಿಗೆ ಇದೊಂದೇ ದೊಡ್ಡ ಅನುಕೂಲ. ಮೊದಲ ಎರಡು ವಾರಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಾಣೆವು.

ಬುಕ್ ಮಾಡುವ ಮುಂಚೆ ದಿನ ಎಣಿಸಿ. ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಅಲ್ಪಾವಧಿಯ ಷೆಂಗೆನ್ ವೀಸಾ ಕೊಡುವುದು ಯಾವುದೇ 180 ದಿನಗಳಲ್ಲಿ 90 ದಿನ, ಮೂರು ತಿಂಗಳಲ್ಲ. ಜುಲೈ 1ರಿಂದ ಸೆಪ್ಟೆಂಬರ್ 30 ಎಂದರೆ 92 ದಿನ. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ, ಹೊರಡುವ ದಿನವೂ ಸೇರುತ್ತದೆ. ವೆಬ್‌ಸೈಟಿನ ದರದ ಮೇಲೆ ತಲೆಗೆ, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಬೇರೆ ಬೀಳಬಹುದು. ಚೆಕ್-ಇನ್‌ನಲ್ಲಿ ಠೇವಣಿಯ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಮೊದಲೇ ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್ ಕೊಟ್ಟರೆ ಊಟದ ದುಡ್ಡೇ ಹೀಗೆ ಸಿಕ್ಕಿಬಿದ್ದು, ಬಿಡುಗಡೆಗೆ ದಿನಗಟ್ಟಲೆ ಕಾಯಬೇಕು, ಆದ್ದರಿಂದ ಇದಕ್ಕೆ ಕ್ರೆಡಿಟ್ ಕಾರ್ಡೇ ಸರಿ. ನಮ್ಮ ಬ್ಯಾಂಕುಗಳ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಮೊದಲಿನಿಂದ ಬಂದ್ ಇರುತ್ತದೆ. ಅದನ್ನು ಆ್ಯಪಿನಲ್ಲಿ ಊರಲ್ಲೇ ಚಾಲೂ ಮಾಡಿ, ಓಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡೇ ಸಾಂಬ್ರಾ ವಿಮಾನ ನಿಲ್ದಾಣದ ಕಡೆ ಹೊರಡಿ.

ಈಗ ಒಲೆ. ಜಗಳ ಇರುವುದೇ ಇಲ್ಲಿ. ಕಪ್ಪು ಗಾಜಿನ ಒಲೆ ಎರಡು ತರಹ. ಒಂದು ಗಾಜಿನ ಕೆಳಗೆ ಸುರುಳಿ ಕೆಂಪಗಾಗುವಂಥದ್ದು, ಅದರ ಮೇಲೆ ತಳ ಸಪಾಟಾಗಿರುವ ಯಾವ ಪಾತ್ರೆಯೂ ನಡೆಯುತ್ತದೆ. ಇನ್ನೊಂದು ಇಂಡಕ್ಷನ್, ಅದಕ್ಕೆ ಅಯಸ್ಕಾಂತ ಹಿಡಿಯುವ ತಳವೇ ಬೇಕು. ಬುಕಿಂಗ್ ಪುಟದ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಈಮೇಲ್ ಬರೆದು ಕೇಳಿ. ಖಡೇ ಬಜಾರಿನಲ್ಲಿ ಕುಕ್ಕರ್ ಕೊಳ್ಳುವಾಗ ಫ್ರಿಜ್ಜಿನ ಒಂದು ಅಯಸ್ಕಾಂತ ಕಿಸೆಯಲ್ಲಿರಲಿ, ತಳಕ್ಕೆ ಗಟ್ಟಿಯಾಗಿ ಅಂಟಿದರೆ ಮಾತ್ರ ತಗೊಳ್ಳಿ. ಮೂರು ಲೀಟರಿನದು ಇಬ್ಬರಿಗೆ ಸಾಕು. ಚಾ ಮಾಡುವ ಸಣ್ಣ ಪಾತೇಲಿಯ ತಳ ಸಾಮಾನ್ಯವಾಗಿ 12 ಸೆಂಟಿಮೀಟರಿಗಿಂತ ಕಿರಿದು, ಇಂಡಕ್ಷನ್ ಅದನ್ನು ಗುರುತಿಸದೆ ಪೀಂಯ್ ಎಂದು ಬಂದ್ ಆಗುತ್ತದೆ.

ರೊಟ್ಟಿ ತಟ್ಟುವವರು ಇನ್ನೂ ಎಚ್ಚರದಿಂದಿರಬೇಕು. ಸಣ್ಣ ಇಂಡಕ್ಷನ್ ಸುರುಳಿ ಹಂಚಿನ ನಡುಭಾಗವನ್ನಷ್ಟೇ ಕಾಯಿಸುತ್ತದೆ. ನಡುವೆ ಕಪ್ಪಾಗಿ ಅಂಚು ಹಸಿ ಉಳಿಯುವುದು ಅದಕ್ಕೇ. ಒಮ್ಮೆಲೇ 9ಕ್ಕೆ ಹಚ್ಚಿದರೆ ತೆಳು ಹಂಚು ಸೊಟ್ಟಗಾಗುತ್ತದೆ. 5 ಅಥವಾ 6ರಲ್ಲಿ ನಾಲ್ಕು ನಿಮಿಷ ಕಾಯಿಸಿ, ಆಮೇಲೆ ರೊಟ್ಟಿ ಹಾಕಿ. ಉರಿ ಇಲ್ಲದ್ದರಿಂದ ಉಬ್ಬಿಸಲು ಬಟ್ಟೆಯಿಂದ ಒತ್ತುವುದೊಂದೇ ದಾರಿ. ಹಂಚನ್ನು ಎಳೆದಾಡಬೇಡಿ, ಗಾಜಿಗೆ ಗೀರು ಬಿದ್ದರೆ ಠೇವಣಿಗೆ ಕತ್ತರಿ. ಇಷ್ಟು ಉಸಾಬರಿ ಬೇಡ ಎನ್ನುವವರಿಗೆ ಖಡಕ್ ರೊಟ್ಟಿ ಇದೆ. ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲವಾದರೆ ಅಡುಗೆ ಮತ್ತು ಸ್ನಾನದ ಹಬೆ ಒಂದೇ ಕೋಣೆಯಲ್ಲಿ ಸುತ್ತಿ ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ.

ಒಗ್ಗರಣೆಯ ಘಾಟಿಗೆ ದಾರಿ ಇಲ್ಲ. ಒಲೆಯ ಮೇಲಿನ ಹುಡ್ ಎಷ್ಟೋ ಕಡೆ ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಇದ್ದಿಲಿನ ಫಿಲ್ಟರ್ ದಾಟಿಸಿ ವಾಪಸ್ ಒಳಗೇ ಬಿಡುತ್ತದೆ. ಫ್ರಾನ್ಸಿನ ಮನೆಗಳಲ್ಲಿ 2015ರಿಂದ ಹೊಗೆ ಅಲಾರ್ಮ್ ಕಡ್ಡಾಯ. ಅದನ್ನು ಬಿಚ್ಚಿಡುವ ಜಾಣತನ ಮಾಡಬೇಡಿ. ಕಿಟಕಿ ತೆರೆದು, ಒಣಮೆಣಸಿನಕಾಯಿ ಹಾಕಿದೊಡನೆ ಮುಚ್ಚಳ ಮುಚ್ಚಿ. ಮಿಕ್ಸಿ ತಿರುಗಿಸುವುದಿದ್ದರೆ ರಾತ್ರಿ ಹತ್ತರೊಳಗೆ ಮುಗಿಸಿ. ಅಂದಹಾಗೆ ಅಲ್ಲಿಯ ವಿದ್ಯುತ್ತೂ 230 ವೋಲ್ಟ್, 50 ಹರ್ಟ್ಸ್, ಕನ್ವರ್ಟರ್ ಬೇಡ. ನಮ್ಮ ಎರಡು ಗುಂಡು ಪಿನ್ನಿನ ಚಾರ್ಜರ್ ಹಾಗೇ ಕೂಡುತ್ತದೆ, ಮೂರು ಪಿನ್ನಿನ ಮಿಕ್ಸಿಗೆ ಮಾತ್ರ ಅಡಾಪ್ಟರ್ ಬೇಕು. ಒಲೆ, ಕೆಟಲ್, ಹೀಟರ್ ಮೂರೂ ಒಟ್ಟಿಗೆ ಹಚ್ಚಿದರೆ ಲೋಡ್ ತಡೆಯದೆ ಕರೆಂಟ್ ಹೋಗುತ್ತದೆ, ಒಂದನ್ನು ಆರಿಸಿ ಬಾಗಿಲ ಬಳಿಯ ಬ್ರೇಕರ್ ಎತ್ತಿ.

ಬಚ್ಚಲಿನ ನೆಲಕ್ಕೆ ಮೋರಿ ಇರುವುದಿಲ್ಲ. ಶವರಿನ ತಟ್ಟೆಯ ಹೊರಗೆ ತಂಬಿಗೆಯಲ್ಲಿ ನೀರು ಸುರಿದುಕೊಂಡರೆ ಅದು ಕೆಳಗಿನ ಮನೆಯ ಛಾವಣಿಗೆ ಇಳಿಯುತ್ತದೆ, ಮುಂದೆ ವಿಮೆಯ ಕಾಗದಪತ್ರದ ತಾಪತ್ರಯ. ತಟ್ಟೆಯೊಳಗೇ ಬಕೆಟ್ ಇಟ್ಟುಕೊಂಡರೆ ಅಡ್ಡಿಯಿಲ್ಲ. ನಿಜ ಹೇಳಬೇಕೆಂದರೆ ಲಾಭವೂ ಇದೆ: ಬಿಸಿನೀರು ಟ್ಯಾಂಕಿನದಾದರೆ ಅದು ಹೆಚ್ಚಾಗಿ ರಾತ್ರಿಯ ಅಗ್ಗದ ಕರೆಂಟಿನಲ್ಲಿ ಕಾಯುತ್ತದೆ. ಒಬ್ಬರು ಹತ್ತು ನಿಮಿಷ ಶವರ್ ಹಚ್ಚಿದರೆ ಸುಮಾರು ನೂರು ಲೀಟರ್ ಖರ್ಚು, ಎರಡನೆಯವರಿಗೆ ತಣ್ಣೀರು. ಬಕೆಟ್ ಸ್ನಾನಕ್ಕೆ ಇಪ್ಪತ್ತು ಲೀಟರ್ ಸಾಕು.

ಬುತ್ತಿಯ ವಿಷಯ. ಹಾಲು, ಮಾಂಸ ಮತ್ತು ಅವುಗಳ ಪದಾರ್ಥಗಳನ್ನು ಹೊರದೇಶದಿಂದ ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಆದ್ದರಿಂದ ತುಪ್ಪವೂ ಬೇಡ, ಬೀಗರು ಒತ್ತಾಯದಿಂದ ಕೊಡುವ ಕುಂದಾವೂ ಬೇಡ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣಿಗೂ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ, ಕೆಂಪುಖಾರ, ತೊಗರಿಬೇಳೆಯಲ್ಲೇ ಪೆಟ್ಟಿಗೆ ತುಂಬಿಸಿ. ಉಳಿದದ್ದು ಅಲ್ಲೇ ಸಿಗುತ್ತದೆ. ಉಪ್ಪಿಲ್ಲದ ಅರ್ಧ ಕಿಲೋ ಬೆಣ್ಣೆ ಕಾಯಿಸಿದರೆ 400 ಗ್ರಾಂ ತುಪ್ಪ. 'ಲಾಂತೀಯ್ ಕೊರಾಯ್' ಎಂದರೆ ಮಸೂರ ಬೇಳೆ, 'ಸೆಮೂಲ್ ಫಿನ್' ಎಂದರೆ ಸಣ್ಣ ರವೆ. ಪಕ್ಕದಲ್ಲೇ ಇಟ್ಟಿರುವ, ರವೆಯನ್ನು ಹಬೆಯಲ್ಲಿ ಬೇಯಿಸಿ ಒಣಗಿಸಿದ ಕುಸ್‌ಕುಸ್ ತಂದು ಉಪ್ಪಿಟ್ಟು ಮಾಡಿದರೆ ಮುದ್ದೆಯಾಗುತ್ತದೆ. ಸಾವಯವ ಅಂಗಡಿಗಳಲ್ಲಿ ಜೋಳದ ಹಿಟ್ಟು 'ಸೋರ್ಗೋ' ಹೆಸರಿನಲ್ಲಿ ಸಿಗಬಹುದು, ಆ ಭಾಗದ ರೈತರೂ ಅದನ್ನು ಬೆಳೆಯುತ್ತಾರೆ. ಆದರೆ ಪೊಟ್ಟಣದ ಹಿಟ್ಟಿಗೆ ಜಿಗಿ ಕಡಿಮೆ, ಕುದಿಯುವ ಎಸರಿನಲ್ಲಿ ಕಲಸಿ ಬಿಸಿ ಇರುವಾಗಲೇ ನಾದದಿದ್ದರೆ ಅಂಚು ಬಿರಿಯುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಬಹುತೇಕ ಅಂಗಡಿಗಳು ಬಂದ್, ಸಂತೆ ಶನಿವಾರವೇ ಮುಗಿಯಲಿ.

ಜಾಗ ಆರಿಸುವಾಗ ಊರ ನಡುವಿನ ಕಾಪಿತೋಲ್ ಚೌಕದ ಚಂದಕ್ಕೆ ಮರುಳಾಗಬೇಡಿ. ಏರ್‌ಬಸ್ ಇರುವುದು ಪಶ್ಚಿಮದ ಬ್ಲಾನ್ಯಾಕ್ ಕಡೆ, ಆ ದಿಕ್ಕಿಗೆ ಟಿ1 ಟ್ರಾಮ್ ಹೋಗುತ್ತದೆ. ಆರೆನ್ ನಿಲ್ದಾಣದಲ್ಲಿ ಟ್ರಾಮೂ ಮೆಟ್ರೋದ ಎ ಮಾರ್ಗವೂ ಕೂಡುವುದರಿಂದ ಅದರ ಸುತ್ತ ಇದ್ದರೆ ಕೆಲಸಕ್ಕೂ ಪೇಟೆಗೂ ಅನುಕೂಲ.

ಒಂದು ತಿಂಗಳಿಗಿಂತ ಹೆಚ್ಚಿನ ವಾಸಕ್ಕೆ ಅಪಾರ್ಟ್‌ಹೋಟೆಲ್ ದುಬಾರಿಯೂ ಹೌದು, ಇಕ್ಕಟ್ಟೂ ಹೌದು. ಅಲ್ಲಿಗೆ ಇಳಿದ ಮೇಲೆ 'ಬಾಯ್ ಮೊಬಿಲಿತೆ' ಕರಾರಿನ ಮನೆ ಹುಡುಕಿ. 2018ರ ಕಾನೂನು ತಂದ ಈ ಕರಾರು ಪೀಠೋಪಕರಣ ಸಮೇತದ ಮನೆಗೆ, 1ರಿಂದ 10 ತಿಂಗಳವರೆಗೆ. ಓದು, ತರಬೇತಿ, ತಾತ್ಕಾಲಿಕ ಕೆಲಸದಂಥ ಕಾರಣಕ್ಕೆ ಬಂದವರಿಗೆ ಮಾತ್ರ, ಹಾಗಾಗಿ ಕಂಪನಿಯ ಪತ್ರ ಕೈಯಲ್ಲಿರಲಿ. ಮಾಲೀಕ ಠೇವಣಿ ಕೇಳುವಂತಿಲ್ಲ, ನೀವು ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಮನೆ ವಿಮೆ ಮಾತ್ರ ನಿಮ್ಮದೇ ಹೊಣೆ. ಮನೆ ನೋಡುವ ಮೊದಲೇ ದುಡ್ಡು ಕಳಿಸಿ ಎನ್ನುವವರ ಜೊತೆ ಮಾತು ಬೆಳೆಸಬೇಡಿ. ಕೀಲಿ ಪಡೆಯುವಾಗ ಮನೆಯ ಸ್ಥಿತಿಯ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಬಿಟ್ಟುಹೋದ ಕಲೆ, ಬಿರುಕುಗಳನ್ನು ಸೇರಿಸಲು 10 ದಿನ ಅವಕಾಶವಿದೆ. ಅಂಚೆಪೆಟ್ಟಿಗೆಗೆ ನಿಮ್ಮ ಹೆಸರು ಅಂಟಿಸಿ, ಹೆಸರಿಲ್ಲದಿದ್ದರೆ ಬ್ಯಾಂಕಿನ ಪತ್ರ ಹಿಂದಕ್ಕೆ ಹೋಗುತ್ತದೆ. ಬಾಗಿಲು ಎಳೆದರೆ ಸಾಕು, ತಾನೇ ಲಾಕ್ ಆಗುವಂಥದ್ದು ಇರುತ್ತದೆ. ಕಸ ಚೆಲ್ಲಲು ಹೋಗುವಾಗಲೂ ಕೀಲಿ ಕೈಯಲ್ಲಿರಲಿ, ರಾತ್ರಿ ಬೀಗ ತೆಗೆಯುವವನ ಕೂಲಿ ಎದೆ ಒಡೆಸುತ್ತದೆ.

ಅಪಾರ್ಟ್‌ಹೋಟೆಲ್ ಬಿಡುವ ದಿನ ಅಡುಗೆಕಟ್ಟೆಯನ್ನು ನೀವೇ ತಿಕ್ಕಿ ಕೊಡಬೇಕಾಗಬಹುದು, ಬಿಟ್ಟರೆ ಶುಲ್ಕ. ಬಿಳಿ ಕಟ್ಟೆಯ ಅರಿಶಿಣ ಸೋಪಿಗೆ ಜಗ್ಗುವುದಿಲ್ಲ. ಕಲೆ ಹಸಿ ಇರುವಾಗಲೇ ಅಡುಗೆ ಸೋಡಾ ಕಲಸಿ ಹಚ್ಚಿ, ಇಲ್ಲವೇ ಮೊದಲ ದಿನವೇ ಒಂದು ಪ್ಲಾಸ್ಟಿಕ್ ಹಾಳೆ ಹಾಸಿಬಿಡಿ.