ಅಗೇಟ್ ಕುಟ್ಟಾಣಿ: ದುಡ್ಡಿಗೆ ಮೋಸವಿಲ್ಲ, ಕೈಗೆ ಮಾತ್ರ ನೋವು

ಶಿವಮೊಗ್ಗದ ಲ್ಯಾಬ್ ಸಾಮಾನಿನ ಅಂಗಡಿಯೊಂದರಲ್ಲಿ ಅಗೇಟ್ ಅನ್ನೋ ಗಟ್ಟಿ ಕಲ್ಲಿನ ಕುಟ್ಟಾಣಿ ತಗೊಂಡು ಎರಡು ಮಳೆಗಾಲ ಆಯಿತು. ನನ್ನ ಪಿಎಚ್‌ಡಿ ಕೆಲಸ ಕೋಬಾಲ್ಟ್ ಫೆರೈಟ್ ಅನ್ನೋ ಕಾಂತೀಯ ಪುಡಿ, ಬೇರಿಯಂ ಟೈಟನೇಟ್ ಅನ್ನೋ ಒತ್ತಿದರೆ ವಿದ್ಯುತ್ ಹುಟ್ಟಿಸುವ ಪುಡಿ, ಎರಡನ್ನೂ ಅರೆದು ಬೆರೆಸಿ ಬಿಲ್ಲೆ ಮಾಡುವುದು. ಅಯಸ್ಕಾಂತ ಹತ್ತಿರ ತಂದರೆ ಫೆರೈಟ್ ಒಂಚೂರು ಆಕಾರ ಬದಲಿಸಿ ಪಕ್ಕದ ಟೈಟನೇಟನ್ನು ಒತ್ತುತ್ತದೆ, ಆಗ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇಂಥ ಪುಡಿಯನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಅರೆದರೆ ಕಬ್ಬಿಣದ ಚೂರೂ ಸೇರಿಕೊಂಡು ಅಳತೆಯೆಲ್ಲ ಎಡವಟ್ಟು, ಅಲ್ವಾ? ಅಗೇಟ್‌ನಲ್ಲಿ ಆ ತಲೆನೋವಿಲ್ಲ. ಇಷ್ಟು ಅರೆದರೂ ಒಳಮೈ ಇನ್ನೂ ನುಣುಪು. ಆದರೆ ಹೆಸರು ನೋಡಿ ಕುಟ್ಟೋಕೆ ಹೋಗಬೇಡಿ, ಅಜ್ಜಿ ಎಲೆಅಡಿಕೆ ಕುಟ್ಟಿದ ಹಾಗೆ ಕುಟ್ಟಿದರೆ ಸೀಳು ಬಿಡುತ್ತದೆ. ಅಂಗಡಿಯವರು ಮಾತ್ರ ನಾಲ್ಕು ಇಂಚು ಅಂತ ಬಿಲ್ ಹಾಕಿ ಮೂರು ಇಂಚಿನದು ಕೊಟ್ಟರು, ಬದಲಾಯಿಸೋಕೆ ಸುಮ್ನೆ ಮೂರು ಸಲ ಬಸ್ ಹತ್ತಿದೆ.