ಕೊಂಪಾದ್ರೆ, ಕೊಮಾದ್ರೆ ದತ್ತಸಂಚಯಗಳು: ಬಳಸಿ ನೋಡಿದವರ ವಿಮರ್ಶೆ

ಸಸ್ಯಗಳಿಗೆ ಕೊಂಪಾದ್ರೆ, ಪ್ರಾಣಿಗಳಿಗೆ ಕೊಮಾದ್ರೆ ಎಂಬ ಈ ಎರಡು ದತ್ತಸಂಚಯಗಳನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಜೀವಿಗಳ ಹುಟ್ಟು, ಬೆಳವಣಿಗೆ, ಸಾವುಗಳನ್ನು ಜಾತಿಯಿಂದ ಜಾತಿಗೆ ಹೋಲಿಸಿ ನೋಡಬೇಕೆನ್ನುವ ಸಂಶೋಧಕರಿಗೆ ಇವು ಅತ್ಯಂತ ಉಪಯುಕ್ತ. ಆದರೆ ಇಳಿಸಿಕೊಂಡ ದಿನವೇ ಹೋಲಿಕೆಗೆ ಕೂರುವವರಿಗೆ ಇವು ತಪ್ಪು ಉತ್ತರವನ್ನೂ ಅಷ್ಟೇ ಸಲೀಸಾಗಿ ಕೊಡುತ್ತವೆ.

ಇಲ್ಲಿರುವ ಮೂಲ ಸರಕು ಮಾತೃಕೆ (ಮ್ಯಾಟ್ರಿಕ್ಸ್), ಅಂದರೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳ ಪಟ್ಟಿ. ಮೊಳಕೆ, ಎಳೆಗಿಡ, ಫಲ ಬಿಡುವ ಮರ ಎಂದು ಬದುಕನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದಲ್ಲಿ ಎಷ್ಟು ಪಾಲು ಉಳಿಯುತ್ತದೆ, ಎಷ್ಟು ಪಾಲು ಮುಂದಿನ ಹಂತಕ್ಕೆ ಏರುತ್ತದೆ, ಎಷ್ಟು ಸಂತಾನ ಹುಟ್ಟುತ್ತದೆ ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. ಅಮೆರಿಕದ ಲಾಗರ್‌ಹೆಡ್ ಕಡಲಾಮೆಗಳ ಬಗ್ಗೆ 1987ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಡದಲ್ಲಿ ಮೊಟ್ಟೆಗಳನ್ನು ಕಾಯುವುದಷ್ಟರಿಂದಲೇ ಆ ಜಾತಿ ಚೇತರಿಸಿಕೊಳ್ಳದು, ಸಮುದ್ರದಲ್ಲಿರುವ ದೊಡ್ಡ ಮರಿಗಳ ಸಾವನ್ನು ತಗ್ಗಿಸಬೇಕು ಎಂದು ತೋರಿಸಿದ್ದು ಇಂಥ ಮಾತೃಕೆಯಿಂದಲೇ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಕೊಯ್ಯುವ ಕಾಡುನೆಲ್ಲಿಯ ಬಗ್ಗೆಯೂ ಬದನಿಕೆ, ಲಂಟಾನ, ಕಾಳ್ಗಿಚ್ಚುಗಳನ್ನು ಲೆಕ್ಕಕ್ಕೆ ಹಿಡಿದ ಇದೇ ಬಗೆಯ ಅಧ್ಯಯನಗಳು ನಡೆದಿವೆ.

ಹತ್ತಾರು ಸಂಶೋಧನಾ ಪತ್ರಿಕೆಗಳಲ್ಲಿ ಚದುರಿಹೋಗಿದ್ದ ಇಂಥ ಮಾತೃಕೆಗಳನ್ನು ಒಂದೆಡೆ ತರುವ ಕೆಲಸ ಜರ್ಮನಿಯ ರೋಸ್ಟಾಕ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೊಂಪಾದ್ರೆಯನ್ನು ಪರಿಚಯಿಸುವ ಲೇಖನ 2015ರಲ್ಲಿ, ಕೊಮಾದ್ರೆಯದು 2016ರಲ್ಲಿ ಬಂದವು. ಕೊಮಾದ್ರೆಯ ಮೊದಲ ಆವೃತ್ತಿಯಲ್ಲೇ 345 ಜಾತಿಗಳ 1625 ಮಾತೃಕೆಗಳಿದ್ದವು.

ಆದರೆ ಈ ತಂಡದ ನಿಜವಾದ ಶ್ರಮ ಕಾಣುವುದು ಎಣಿಕೆಯಲ್ಲಲ್ಲ. ಮೂಲ ಲೇಖನಗಳು ಎಷ್ಟೋ ವೇಳೆ ಒಟ್ಟು ಮಾತೃಕೆಯೊಂದನ್ನೇ ಅಚ್ಚು ಹಾಕಿ ಸುಮ್ಮನಾಗಿರುತ್ತವೆ. ಇಲ್ಲಿ ಅದನ್ನು ಉಳಿವು ಮತ್ತು ಬೆಳವಣಿಗೆ, ಲೈಂಗಿಕ ಸಂತಾನ, ಬೇರು ಅಥವಾ ಕಾಂಡದಿಂದ ಹುಟ್ಟುವ ಸಂತಾನ ಎಂದು ಸಾಧ್ಯವಾದ ಕಡೆಯಲ್ಲೆಲ್ಲ ಮೂರು ಮಾತೃಕೆಗಳಾಗಿ ಬಿಡಿಸಿಟ್ಟಿದ್ದಾರೆ. ಹೀಗೆ ಬಿಡಿಸದೆ ಆಯಸ್ಸಿನ ಲೆಕ್ಕವನ್ನು ಹಾಕಲಾಗುವುದೇ ಇಲ್ಲ. ಜೊತೆಗೆ ಸ್ಥಳದ ಅಕ್ಷಾಂಶ, ರೇಖಾಂಶ, ಅಧ್ಯಯನದ ಅವಧಿ, ಪ್ರಾಣಿ ಕಾಡಿನದೋ ಬಂಧನದಲ್ಲಿದ್ದದ್ದೋ ಎಂಬ ವಿವರಗಳೂ ಇವೆ.

ಬಳಸುವವರು ಎಡವುವುದು ಈ ವಿವರಗಳನ್ನು ಓದದೇ ಹೋದಾಗ. ಒಂದೇ ಅಧ್ಯಯನದ ಪ್ರತಿ ವರ್ಷದ ಮಾತೃಕೆಗಳೂ ಅವುಗಳ ಸರಾಸರಿಯೂ ಬೇರೆ ಬೇರೆ ಸಾಲುಗಳಲ್ಲಿ ಇರಬಹುದಾದ್ದರಿಂದ, ಸೋಸದೆ ತೆಗೆದುಕೊಂಡರೆ ಅದೇ ಗಿಡಗಳನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಮಾತೃಕೆಗಳ ಕಾಲಾವಧಿಯೂ ಒಂದೇ ಆಗಿರುವುದಿಲ್ಲ: ಐದು ವರ್ಷದ ಅಂತರದ ಮಾತೃಕೆಯಲ್ಲಿ ವೃದ್ಧಿದರ (ಜೀವಿಗಳ ಸಂಖ್ಯೆ ಆ ಅವಧಿಯಲ್ಲಿ ಎಷ್ಟು ಪಟ್ಟಾಗುತ್ತದೆ ಎಂಬ ಲೆಕ್ಕ) 1.10 ಎಂದಿದ್ದರೆ ಅದು ವರ್ಷಕ್ಕೆ ಸುಮಾರು 1.02 ಮಾತ್ರ. ಇನ್ನೊಂದು ವಿಚಿತ್ರವೆಂದರೆ ಸಾವಿಲ್ಲದ ಮರಗಳು. ಮೂರ್ನಾಲ್ಕು ವರ್ಷದ ಅಧ್ಯಯನದಲ್ಲಿ ಒಂದೂ ದೊಡ್ಡ ಮರ ಸಾಯದಿದ್ದರೆ ಆ ಹಂತದ ಉಳಿವು ಸರಿಯಾಗಿ 1 ಎಂದು ದಾಖಲಾಗುತ್ತದೆ. ಆಯಸ್ಸನ್ನು ಲೆಕ್ಕ ಹಾಕಹೊರಟರೆ ಉತ್ತರ ಅನಂತ. ಕೆಲವೆಡೆ ಉಳಿವಿನ ಮೊತ್ತ 1ನ್ನೂ ಮೀರಿರುತ್ತದೆ, ಅಂದರೆ ನೂರು ಮರಗಳಲ್ಲಿ ನೂರೆರಡು ಉಳಿದವು ಎಂದಂತೆ. ಇಂಥವನ್ನು ಮುಚ್ಚಿಡದೆ ಗುರುತು ಹಾಕಿ ತೋರಿಸುವ, ಸಂಖ್ಯಾಶಾಸ್ತ್ರಕ್ಕೆ ಬಳಸುವ ಕಂಪ್ಯೂಟರ್ ಭಾಷೆಯಾದ ಆರ್‌ನ ಆರ್‌ಕೊಂಪಾದ್ರೆ ಪ್ಯಾಕೇಜ್ ಅನ್ನು ಈ ಸೇವೆಯ ಅತ್ಯುತ್ತಮ ಭಾಗವೆಂದೇ ಹೇಳಬೇಕು. ಅದರ ಜೊತೆಗಾರ ರೇಜ್ ಪ್ಯಾಕೇಜ್ ಆಯಸ್ಸು, ತಲೆಮಾರಿನ ಅವಧಿ ಮುಂತಾದವನ್ನು ಲೆಕ್ಕ ಹಾಕಿಕೊಡುತ್ತದೆ.

ಪ್ಯಾಕೇಜ್‌ಗಳಿಂದ ಸರಿಹೋಗದ ಕೊರತೆಗಳೂ ಇವೆ. ಇಲ್ಲಿರುವುದು ಮಾತೃಕೆಯೇ ಹೊರತು ಒಂದೊಂದು ಗಿಡದ ಅಳತೆಯಲ್ಲ. ಹಾಗಾಗಿ ಮೂಲ ಸಂಶೋಧಕರು ಮೂರು ಹಂತ ಮಾಡಿದ್ದರೆ ಮೂರು, ಹತ್ತು ಮಾಡಿದ್ದರೆ ಹತ್ತು, ಅದನ್ನು ನಾವು ಹೊಸದಾಗಿ ವಿಂಗಡಿಸಿಕೊಳ್ಳಲಾಗದು. ಹಂತಗಳ ಸಂಖ್ಯೆ ಬದಲಾದಂತೆ ಆಯಸ್ಸಿನ ಅಂದಾಜೂ ಬದಲಾಗುವುದರಿಂದ ಇದು ಸಣ್ಣ ವಿಷಯವಲ್ಲ. ಹಂತಗಳಾಗಿ ವಿಂಗಡಿಸದೆ ಗಾತ್ರವನ್ನು ನಿರಂತರವಾಗಿ ಹಿಡಿಯುವ ಮಾದರಿಗಳಿಗಾಗಿ ಪಾದ್ರಿನೋ ಎಂಬ ಸೋದರ ದತ್ತಸಂಚಯ ಬಂದಿರುವುದು ತಕ್ಕಮಟ್ಟಿನ ಪರಿಹಾರ. ಸಂಗ್ರಹವಂತೂ ಯುರೋಪ್ ಮತ್ತು ಉತ್ತರ ಅಮೆರಿಕದ ಕಡೆಗೇ ವಾಲಿದೆ. ಪ್ರಾಣಿಗಳಲ್ಲಿ ಸಸ್ತನಿ, ಹಕ್ಕಿಗಳದ್ದೇ ಮೇಲುಗೈ, ಕೀಟಗಳು ಬೆರಳೆಣಿಕೆಯಷ್ಟು. ಪಶ್ಚಿಮ ಘಟ್ಟದಲ್ಲಿ ಕೆಲಸ ಮಾಡುವವರು ತಮ್ಮ ಜಾತಿಗೆ ಹತ್ತಿರದ ಸಂಬಂಧಿ ಇಲ್ಲಿ ಸಿಕ್ಕೀತೆಂದು ನೆಚ್ಚಿಕೊಳ್ಳಬಾರದು. ಮೊದಲು ಹುಡುಕಿ ನೋಡಿ, ಆಮೇಲೆ ಸಂಶೋಧನೆಯ ಯೋಜನೆಯನ್ನು ಬರೆಯುವುದು ಒಳ್ಳೆಯದು.